ಠಾಣೆಯ ಯಹೂದಿಗಳು, ನೆತಾನ್ಯಾದ ಮ್ಯೂಸಿಯಂ ಮತ್ತು ಒಬ್ಬ ಅಂಪೈರ್

ಇದು ಈ ವಾರದ ಮಾತಿನ ಬರಹರೂಪ. ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು ವಿಡಿಯೋ ನೋಡೋಕಾಗಲ್ಲ, ಓದೋಕಾದ್ರೆ ಆಗುತ್ತೆ ಅಂತ ಹೇಳಿದವರಿಗಾಗಿ ಇದನ್ನು ಬರೆದು ಹಾಕುತ್ತಿದ್ದೇನೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇನೆ.

ಮೊದಲು ಒಂದು ಪ್ರಶ್ನೆ. 1970ರ ದಶಕದ ನಮ್ಮ ಕರ್ನಾಟಕದ ಕ್ರಿಕೆಟಿಗರ ಹೆಸರು ಹೇಳಿ ಅಂದ್ರೆ ನೀವು ತಡವರಿಸೋದಿಲ್ಲ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ, ಬ್ರಿಜೇಶ್ ಪಟೇಲ್. ಸರಿ, ಅವರು ಆಡಿದ ಟೆಸ್ಟುಗಳಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತಿದ್ದ ಒಬ್ಬ ಅಂಪೈರ್ ಹೆಸರು ಹೇಳಿ ನೋಡೋಣ. ಆಗಲಿಲ್ಲ ಅಲ್ವಾ? ನನಗೂ ಆಗಲಿಲ್ಲ. ಹೋದ ತಿಂಗಳವರೆಗೆ.

ಭಾನುವಾರದ ಕಾಲ್

ನಮ್ಮ ಪ್ರಾಜೆಕ್ಟಿನ ಅರ್ಧ ಟೀಮು ಇಸ್ರೇಲಿನಲ್ಲಿದೆ. ಅಲ್ಲಿ ವಾರ ಶುರುವಾಗೋದೇ ಭಾನುವಾರ. ಅಂಥ ಟೀಮುಗಳ ಜೊತೆ ಕೆಲಸ ಮಾಡುವವರಿಗೆ ಗೊತ್ತು, ನಮ್ಮ ಭಾನುವಾರದ ಊಟದ ಹೊತ್ತಿಗೆ ಸರಿಯಾಗಿ ಕಾಲ್ ಬರುತ್ತೆ. ಅಂಥದ್ದೇ ಒಂದು ಕಾಲ್‌ನಲ್ಲಿ, ಬೇರೆಯವರು ಸೇರಿಕೊಳ್ಳುವ ಮುಂಚೆ, ಆ ಕಡೆಯ ಸಹೋದ್ಯೋಗಿ ನೀವು ಯಾವ ಊರಲ್ಲಿರೋದು ಅಂತ ಕೇಳಿದರು. ಆಫೀಸು ಐರೋಲಿ, ಮನೆ ಠಾಣೆ ಅಂದೆ. ಒಂದು ಕ್ಷಣ ಸುಮ್ಮನಿದ್ದು, ತೊದಲು ಮರಾಠಿಯಲ್ಲಿ "ಕಸಾ ಆಹೇಸ್?" ಅಂದರು. ನಾನು ಬೆಚ್ಚಿಬಿದ್ದೆ.

ಅವರ ಅಜ್ಜ ಠಾಣೆಯವರಂತೆ. ಶನಿವಾರ ಪ್ರಾರ್ಥನೆ, ಭಾನುವಾರ ಕ್ರಿಕೆಟ್. ಇಸ್ರೇಲಿಗೆ ಹೋದ ಮೇಲೂ ಕ್ರಿಕೆಟ್ ಬಿಡಲಿಲ್ಲವಂತೆ. ಸಿವಿಲ್ ಆಸ್ಪತ್ರೆ ಹತ್ತಿರ ನಕ್ಷತ್ರ ಇರುವ ಗೇಟು ಈಗಲೂ ಇದೆಯಾ ಅಂತ ಕೇಳಿದರು. ನಾನು ಠಾಣೆಗೆ ಬಂದು ಹದಿಮೂರು ವರ್ಷ. ನನಗೆ ಗೊತ್ತಿರಲಿಲ್ಲ.

ಆಮೇಲೆ ಅವರೇ ಒಂದು ಮಾತು ಹೇಳಿದರು. ನೆತಾನ್ಯಾ ಅನ್ನುವ ಊರಿನಲ್ಲಿ ಯಹೂದಿ ಕ್ರೀಡಾಪಟುಗಳ ಮ್ಯೂಸಿಯಂ ಇದೆ, ಶಾಲೆಯಿಂದ ಕರೆದುಕೊಂಡು ಹೋಗಿದ್ದರು, ಗೋಡೆ ತುಂಬ ಹೆಸರುಗಳು. "ಅಲ್ಲಿರೋದು ಚಾಂಪಿಯನ್‌ಗಳು. ನಮ್ಮಜ್ಜ ಬರೀ ಆಡಿದವರು" ಅಂದರು. ಅಷ್ಟರಲ್ಲಿ ಉಳಿದವರು ಬಂದರು, ಡೇಟಾಬೇಸ್ ಮೈಗ್ರೇಶನ್ ಮಾತು ಶುರುವಾಯಿತು.

ಆ "ಬರೀ ಆಡಿದವರು" ಅನ್ನೋ ಮಾತು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಅದರ ಹಿಂದೆ ಬಿದ್ದು ಓದಿದ್ದನ್ನೇ ಈಗ ಹೇಳುತ್ತಿದ್ದೇನೆ.

ಮ್ಯೂಸಿಯಂ ಯಾಕೆ ಬೇಕಾಯಿತು?

ಅದರ ಹೆಸರು ಅಂತರರಾಷ್ಟ್ರೀಯ ಯಹೂದಿ ಕ್ರೀಡಾ ಹಾಲ್ ಆಫ್ ಫೇಮ್. ಜೋಸೆಫ್ ಸೀಗ್‌ಮನ್ ಅನ್ನುವವರು ಶುರು ಮಾಡಿದ್ದು. ಮೊದಲ ಹೆಸರುಗಳನ್ನು ಆರಿಸಿದ್ದು 1979ರಲ್ಲಿ, ಮ್ಯೂಸಿಯಂ ತೆರೆದದ್ದು 1981ರಲ್ಲಿ. ಜಾಗ ನೆತಾನ್ಯಾ ಬಳಿಯ ವಿಂಗೇಟ್ ಇನ್‌ಸ್ಟಿಟ್ಯೂಟ್, ಇಸ್ರೇಲಿನ ದೊಡ್ಡ ಕ್ರೀಡಾ ತರಬೇತಿ ಸಂಸ್ಥೆ. ಈ ವಿಂಗೇಟ್ ಯಾರು ಗೊತ್ತಾ? ಎರಡನೇ ಮಹಾಯುದ್ಧದಲ್ಲಿ ಬರ್ಮಾದೊಳಗೆ ನುಗ್ಗಿದ ಚಿಂಡಿಟ್ ಪಡೆಯ ಬ್ರಿಟಿಷ್ ಸೇನಾಧಿಕಾರಿ ಆರ್ಡ್ ವಿಂಗೇಟ್. 1944ರ ಮಾರ್ಚಿನಲ್ಲಿ ನಮ್ಮ ಮಣಿಪುರದಲ್ಲಿ ವಿಮಾನ ಬಿದ್ದು ಸತ್ತರು.

ಸರಿ, ಒಂದು ಸಮುದಾಯ ತನ್ನ ಆಟಗಾರರಿಗಾಗಿಯೇ ಮ್ಯೂಸಿಯಂ ಯಾಕೆ ಕಟ್ಟಿಕೊಳ್ಳುತ್ತೆ? ಯುರೋಪಿನಲ್ಲಿ ಯಹೂದಿಗಳ ಬಗ್ಗೆ ಒಂದು ಹಳೆಯ ಹೀಯಾಳಿಕೆ ಇತ್ತು. ಇವರು ಪುಸ್ತಕ ಹಿಡಿಯುವವರು, ಲೆಕ್ಕ ಬರೆಯುವವರು, ಮೈಯಲ್ಲಿ ಕಸುವಿಲ್ಲದವರು ಅಂತ. ಅದಕ್ಕೆ ಉತ್ತರವಾಗಿ 1898ರಲ್ಲಿ ಮ್ಯಾಕ್ಸ್ ನೋರ್ಡೌ ನಮಗೆ ಸ್ನಾಯು ಬೇಕು, ವ್ಯಾಯಾಮ ಬೇಕು ಅಂತ ಸಾರಿದರು. ಊರೂರಲ್ಲಿ ಯಹೂದಿ ಕ್ರೀಡಾ ಕ್ಲಬ್ಬುಗಳು ಹುಟ್ಟಿದವು. ವಿಯೆನ್ನಾದ ಹಕೋವಾ ಕ್ಲಬ್ 1925ರಲ್ಲಿ ಆಸ್ಟ್ರಿಯಾದ ಫುಟ್‌ಬಾಲ್ ಚಾಂಪಿಯನ್ ಆಯಿತು. 1938ರಲ್ಲಿ ನಾಜಿಗಳು ಬಂದರು, ಕ್ಲಬ್ಬನ್ನೇ ಮುಚ್ಚಿಸಿದರು.

ಆಲ್ಫ್ರೆಡ್ ಹಾಯೋಶ್ ಕಥೆ ಕೇಳಿ. ಬುಡಾಪೆಸ್ಟಿನ ಹುಡುಗ. ಹದಿಮೂರು ವರ್ಷದವನಿದ್ದಾಗ ಅಪ್ಪ ಡ್ಯಾನ್ಯೂಬ್ ನದಿಯಲ್ಲಿ ಮುಳುಗಿ ಸತ್ತರು. ಅಲ್ಲಿಂದ ಈಜು ಕಲಿತೇ ಕಲಿಯುತ್ತೇನೆ ಅಂತ ಹಟಕ್ಕೆ ಬಿದ್ದ. 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿ, ಅಥೆನ್ಸ್ ಹತ್ತಿರದ ಕೊರೆಯುವ ಸಮುದ್ರದಲ್ಲಿ ಈಜಿ ಎರಡು ಸಲ ಮೊದಲಿಗನಾದ. ಅದೇ ಒಲಿಂಪಿಕ್ಸ್‌ನಲ್ಲಿ ಜರ್ಮನಿಗೆ ಜಿಮ್ನಾಸ್ಟಿಕ್ಸ್ ಪದಕ ತಂದವರಲ್ಲಿ ಆಲ್ಫ್ರೆಡ್ ಫ್ಲಾಟೋ ಮತ್ತು ಗುಸ್ತಾವ್ ಫೆಲಿಕ್ಸ್ ಫ್ಲಾಟೋ ಅನ್ನುವ ದಾಯಾದಿಗಳಿದ್ದರು. ಅವರಿಬ್ಬರೂ ಕೊನೆಗೆ ಸತ್ತದ್ದು ನಾಜಿಗಳ ತೆರೆಜೀನ್ ಶಿಬಿರದಲ್ಲಿ. ಒಬ್ಬರು 1942ರಲ್ಲಿ, ಇನ್ನೊಬ್ಬರು 1945ರಲ್ಲಿ. ಯಾವ ದೇಶಕ್ಕಾಗಿ ಪದಕ ಗೆದ್ದರೋ ಅದೇ ದೇಶ ಅವರನ್ನು ಹಸಿವಿನಲ್ಲಿ ಸಾಯಲು ಬಿಟ್ಟಿತು.

1972ರ ಮ್ಯೂನಿಕ್ ನಿಮಗೆ ಗೊತ್ತೇ ಇದೆ. ಮಾರ್ಕ್ ಸ್ಪಿಟ್ಜ್ ಈಜಿನಲ್ಲಿ ಏಳು ಚಿನ್ನ ಗೆದ್ದ. ಅದೇ ಕ್ರೀಡಾಕೂಟದಲ್ಲಿ ಇಸ್ರೇಲಿನ 11 ಮಂದಿ ಕ್ರೀಡಾಪಟುಗಳು, ಕೋಚ್‌ಗಳು ಭಯೋತ್ಪಾದಕರ ದಾಳಿಗೆ ಬಲಿಯಾದರು. ಏಳೇ ವರ್ಷಕ್ಕೆ ಈ ಹಾಲ್ ಆಫ್ ಫೇಮ್ ಹುಟ್ಟಿತು. ಇಂಥವರ ಹೆಸರು ಅಳಿಸಿಹೋಗಬಾರದು ಅನ್ನೋ ಆತಂಕ ಅದರ ಹಿಂದೆ ಇದ್ದಿರಲೇಬೇಕು ಅಂತ ನನಗನಿಸುತ್ತೆ. ಈಗ ಆ ಪಟ್ಟಿಯಲ್ಲಿ 400ಕ್ಕೂ ಹೆಚ್ಚು ಹೆಸರುಗಳಿವೆ.

ನಮ್ಮ ಪಕ್ಕದ ಯಹೂದಿಗಳು

ಈಗ ಠಾಣೆಗೆ ಬರೋಣ. ಕಾಲ್ ಆದ ಮುಂದಿನ ಭಾನುವಾರ ಟೆಂಭಿ ನಾಕಾಕ್ಕೆ ನಡೆದುಕೊಂಡು ಹೋದೆ. ಸಿವಿಲ್ ಆಸ್ಪತ್ರೆ ರಸ್ತೆಯಲ್ಲಿ ಸಿನಗಾಗ್ ಇದೆ. ಹೆಸರು ಶಾರ್ ಹಶಮಾಯಿಮ್, ಅಂದರೆ ಸ್ವರ್ಗದ ಬಾಗಿಲು. ಕಟ್ಟಿದ್ದು 1879ರಲ್ಲಿ. ಈ ರಸ್ತೆಯಲ್ಲಿ ನಾನು ಎಷ್ಟು ಸಲ ರಿಕ್ಷಾದಲ್ಲಿ ಹೋಗಿದ್ದೇನೋ ಲೆಕ್ಕವಿಲ್ಲ. ಆರು ಮೂಲೆಯ ನಕ್ಷತ್ರ ಕಣ್ಣಿಗೆ ಬಿದ್ದಿದ್ದರೂ ಯಾವುದೋ ಟ್ರಸ್ಟಿನ ಗುರುತು ಅಂದುಕೊಂಡಿದ್ದೆ.

ಇವರು ಬೆನೆ ಇಸ್ರೇಲ್ ಸಮುದಾಯದವರು. ಮನೆಮಾತು ಮರಾಠಿ. ಅಲಿಬಾಗ್ ಬಳಿಯ ನವ್‌ಗಾಂವ್ ಕಡಲಿನಲ್ಲಿ ಹಡಗು ಒಡೆದು ಬದುಕಿ ಉಳಿದವರ ಸಂತತಿ ನಾವು ಅಂತ ಅವರ ನಂಬಿಕೆ. ಕೊಂಕಣದ ಹಳ್ಳಿಗಳಲ್ಲಿ ಗಾಣದ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಮಾತ್ರ ಗಾಣ ತಿರುಗಿಸುತ್ತಿರಲಿಲ್ಲ. ಅದಕ್ಕೇ ಊರವರು ಅವರನ್ನು ಶನಿವಾರ ತೇಲಿ ಅಂತ ಕರೆದರು. ಹೆಸರು ನೋಡಿ: ಪೇಣಕರ್, ಚೆವುಲ್ಕರ್, ದಿವೇಕರ್, ಕೇಹಿಮ್‌ಕರ್. ಹಳ್ಳಿ ಬಿಟ್ಟು ಬಂದರೂ ಹಳ್ಳಿಯ ಹೆಸರನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದರು. ಹಿಂದಿ ಸಿನಿಮಾದ ಡೇವಿಡ್ ನೆನಪಿದ್ದಾರಾ? 'ಬೂಟ್ ಪಾಲಿಶ್' ಚಿತ್ರದ ಜಾನ್ ಚಾಚಾ. ಅವರ ಪೂರ್ತಿ ಹೆಸರು ಡೇವಿಡ್ ಅಬ್ರಹಾಂ ಚೆವುಲ್ಕರ್, ಹುಟ್ಟಿದ್ದು ಇದೇ ಠಾಣೆಯಲ್ಲಿ.

ಹರಕೆಗೆ, ಶುಭಕಾರ್ಯಕ್ಕೆ ಇವರು ಮಲೀದಾ ಮಾಡುತ್ತಾರೆ. ಅವಲಕ್ಕಿ, ಕಾಯಿತುರಿ, ಸಕ್ಕರೆ, ಹಣ್ಣು. ನಮ್ಮ ಮನೆಯ ಸಿಹಿ ಅವಲಕ್ಕಿಯ ಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತೆ.

ಕನ್ನಡನಾಡಿಗೂ ಇವರಿಗೂ ಒಂದು ನಂಟಿದೆ. ಮುಂಬಯಿಯ ಅತ್ಯಂತ ಹಳೆಯ ಸಿನಗಾಗ್ ಮಾಂಡ್ವಿಯಲ್ಲಿದೆ, 1796ರದ್ದು. ಕಟ್ಟಿಸಿದ್ದು ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್, ಈಸ್ಟ್ ಇಂಡಿಯಾ ಕಂಪನಿ ಸೈನ್ಯದಲ್ಲಿದ್ದವರು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸೆರೆ ಸಿಕ್ಕರು. ನೀವು ಯಾರು ಅಂತ ಕೇಳಿದಾಗ ಬೆನೆ ಇಸ್ರೇಲ್ ಅಂದರಂತೆ. ಆ ಹೆಸರು ಕುರಾನಿನಲ್ಲಿದೆ, ಇವರನ್ನು ಕೊಲ್ಲಬೇಡ ಅಂತ ಟಿಪ್ಪುವಿನ ತಾಯಿ ಹೇಳಿದರಂತೆ. ಇದು ಸಮುದಾಯದಲ್ಲಿ ಹೇಳಿಕೊಂಡು ಬಂದ ಕಥೆ. ಬಿಡುಗಡೆಯಾಗಿ ಬಂದವರು ಹರಕೆ ತೀರಿಸಲು ಸಿನಗಾಗ್ ಕಟ್ಟಿಸಿದರು.

ಆಮೇಲೆ 1853ರ ಏಪ್ರಿಲ್ 16ಕ್ಕೆ ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಬಂತು. ಹಳ್ಳಿಯ ಗಾಣ ಬಿಟ್ಟವರು ರೈಲ್ವೆ, ಸೈನ್ಯ, ಆಸ್ಪತ್ರೆ, ಸರ್ಕಾರಿ ಕಚೇರಿಗಳ ಕೆಲಸಕ್ಕೆ ಸೇರಿದರು. ಊರು ಬಿಟ್ಟು, ಸಂಬಳದ ಕೆಲಸ ಹಿಡಿದು, ರೈಲು ಹೋದ ಕಡೆ ಮನೆ ಮಾಡಿದವರು. ಈ ಕಥೆ ನಮಗೆ ಹೊಸದೇನಲ್ಲ ಬಿಡಿ.

"ಇತರರು"

ಅವರು ನೆಲೆಸಿದ ಮುಂಬಯಿ ಕ್ರಿಕೆಟ್ಟಿನ ಊರು. ಆದರೆ ಆ ಕಾಲದ ದೊಡ್ಡ ಪಂದ್ಯಾವಳಿ ಜಾತಿ-ಧರ್ಮದ ಲೆಕ್ಕದಲ್ಲಿ ನಡೆಯುತ್ತಿತ್ತು. ಯುರೋಪಿಯನ್ನರ ತಂಡ, ಪಾರ್ಸಿಗಳ ತಂಡ, ಹಿಂದೂಗಳ ತಂಡ, 1912ರಿಂದ ಮುಸ್ಲಿಮರ ತಂಡ. ಅದೇ ಕ್ವಾಡ್ರಾಂಗ್ಯುಲರ್. ಮರೀನ್ ಲೈನ್ಸ್ ಹತ್ತಿರ ಸಾಲಾಗಿ ಜಿಮ್‌ಖಾನಾಗಳು ಕಾಣುತ್ತವಲ್ಲ, ಹಿಂದೂ, ಇಸ್ಲಾಂ, ಪಾರ್ಸಿ, ಅದು ಆ ಕಾಲದ ಗುರುತು.

ಈ ಲೆಕ್ಕದೊಳಗೆ ಸಿಕ್ಕಿ ನೊಂದ ದೊಡ್ಡ ಆಟಗಾರ ಧಾರವಾಡದಲ್ಲಿ ಹುಟ್ಟಿದವರು. ಪಾಲ್ವಂಕರ್ ಬಾಲೂ, 1876ರಲ್ಲಿ ಜನನ, ದಲಿತ ಕುಟುಂಬ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ ಸ್ಪಿನ್ನರ್. ಪುಣೆಯಲ್ಲಿ ಆಡುವಾಗ ತಂಡದವರು ಒಳಗೆ ಕೂತು ಚಹಾ ಕುಡಿದರೆ, ಇವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು, ಅವರು ನಾಯಕರಾಗೋದು ಬೇಕಿರಲಿಲ್ಲ. ಆ ಗೌರವ 1923ರಲ್ಲಿ ಅವರ ತಮ್ಮ ವಿಠಲ್ ಅವರಿಗೆ ಸಿಕ್ಕಿತು.

ಯಹೂದಿಗಳು ಎಲ್ಲಿ ಸೇರಬೇಕು? 1937ರಲ್ಲಿ ಐದನೇ ತಂಡ ಬಂತು, ಪಂದ್ಯಾವಳಿ ಪೆಂಟಾಂಗ್ಯುಲರ್ ಆಯಿತು. ಆ ಐದನೇ ತಂಡದ ಹೆಸರು 'ದಿ ರೆಸ್ಟ್'. ಅಂದರೆ ಇತರರು. ಭಾರತೀಯ ಕ್ರೈಸ್ತರು, ಆಂಗ್ಲೋ ಇಂಡಿಯನ್ನರು, ಬೌದ್ಧರು, ಯಹೂದಿಗಳು, ಯಾವ ಡಬ್ಬಿಗೂ ಸೇರದವರೆಲ್ಲ ಇದರೊಳಗೆ. ಫಾರ್ಮ್ ತುಂಬುವಾಗ ಕೊನೆಯಲ್ಲಿ 'ಅದರ್ಸ್' ಅಂತ ಒಂದು ಚೌಕ ಇರುತ್ತಲ್ಲ, ಹಾಗೆ.

ಆ ಇತರರ ತಂಡದಲ್ಲೇ ವಿಜಯ್ ಹಜಾರೆ ಆಡಿದ್ದು. ಅವರು ಕ್ರೈಸ್ತರು. 1943ರ ಫೈನಲ್‌ನಲ್ಲಿ ಹಿಂದೂ ತಂಡದ ವಿರುದ್ಧ ಇತರರು ಎರಡನೇ ಇನಿಂಗ್ಸ್‌ನಲ್ಲಿ ಹೊಡೆದದ್ದು 387. ಅದರಲ್ಲಿ ಹಜಾರೆ ಒಬ್ಬರದ್ದೇ 309. ತಂಡ ಸೋತಿತು, ಆ ಇನಿಂಗ್ಸ್ ಇವತ್ತಿಗೂ ಉಳಿದಿದೆ. ಕೋಮಿನ ಹೆಸರಲ್ಲಿ ಕ್ರಿಕೆಟ್ ಬೇಡ ಅಂತ 1940ರಲ್ಲೇ ಗಾಂಧೀಜಿ ಹೇಳಿದ್ದರು. 1946ರ ಹೊತ್ತಿಗೆ ಪೆಂಟಾಂಗ್ಯುಲರ್ ನಿಂತಿತು.

ಮದರಾಸ್, 1977

ಈಗ ನನ್ನ ಮೊದಲ ಪ್ರಶ್ನೆಗೆ ಉತ್ತರ. ಜೂಡಾ ರೂಬೆನ್. ಮುಂಬಯಿಯ ಬೆನೆ ಇಸ್ರೇಲ್ ಯಹೂದಿ. 1969ರಿಂದ 1977ರ ನಡುವೆ 10 ಟೆಸ್ಟುಗಳಲ್ಲಿ ಅಂಪೈರ್ ಆಗಿ ನಿಂತವರು. 'ಇತರರು' ಅನ್ನಿಸಿಕೊಂಡ ಸಮುದಾಯದಿಂದ ಬಂದು ಮೈದಾನದ ನಡುಮಧ್ಯದಲ್ಲಿ ನಿಂತವರು.

1976-77ರಲ್ಲಿ ಟೋನಿ ಗ್ರೆಗ್ ನಾಯಕತ್ವದ ಇಂಗ್ಲೆಂಡ್ ಇಲ್ಲಿಗೆ ಬಂದಿತ್ತು. ದೆಹಲಿಯ ಮೊದಲ ಟೆಸ್ಟಿನಲ್ಲಿ ಎಡಗೈ ವೇಗಿ ಜಾನ್ ಲಿವರ್ ತನ್ನ ಮೊಟ್ಟಮೊದಲ ಪಂದ್ಯದಲ್ಲೇ 10 ವಿಕೆಟ್ ತೆಗೆದ. ಚೆಂಡು ಗಾಳಿಯಲ್ಲಿ ಹಾವಿನ ಹಾಗೆ ತಿರುಗುತ್ತಿತ್ತು. ಕೋಲ್ಕತ್ತದಲ್ಲೂ ಇಂಗ್ಲೆಂಡೇ ಗೆದ್ದಿತು. ಮೂರನೇ ಟೆಸ್ಟ್ ಮದರಾಸಿನಲ್ಲಿ, ಜನವರಿ 14ರಿಂದ, ಪೊಂಗಲ್ ಹೊತ್ತಿಗೆ.

ಪಂದ್ಯದ ಮೂರನೇ ದಿನ ರೂಬೆನ್ ಅವರ ಕಣ್ಣಿಗೆ ಒಂದು ಪಟ್ಟಿ ಬಿತ್ತು. ಲಿವರ್ ಬಳಿಯಿದ್ದ, ವ್ಯಾಸಲೀನ್ ಹಚ್ಚಿದ ಬ್ಯಾಂಡೇಜಿನ ಪಟ್ಟಿ. ಕಣ್ಣಿಗೆ ಬೆವರು ಇಳಿಯದ ಹಾಗೆ ಹಣೆಗೆ ಕಟ್ಟಿಕೊಳ್ಳಲು ಫಿಸಿಯೋಥೆರಪಿಸ್ಟ್ ಬರ್ನಾರ್ಡ್ ಥಾಮಸ್ ಕೊಟ್ಟದ್ದು, ಬಾಬ್ ವಿಲ್ಲಿಸ್ ಕೂಡ ಕಟ್ಟಿಕೊಂಡಿದ್ದರು ಅಂತ ಇಂಗ್ಲೆಂಡ್ ಹೇಳಿತು. ಆದರೆ ಕ್ರಿಕೆಟ್ ನಿಯಮದ ಪ್ರಕಾರ ಚೆಂಡಿಗೆ ಹೊಳಪು ಬರಿಸುವ ಯಾವ ಕೃತಕ ವಸ್ತುವನ್ನೂ ತಾಗಿಸುವಂತಿಲ್ಲ. ರೂಬೆನ್ ಕಂಡದ್ದನ್ನು ಕಂಡ ಹಾಗೆ ವರದಿ ಮಾಡಿದರು.

ಆಮೇಲೆ ಗದ್ದಲವೋ ಗದ್ದಲ. ಭಾರತದ ನಾಯಕ ಬಿಷನ್ ಸಿಂಗ್ ಬೇಡಿ ಬಹಿರಂಗವಾಗಿ ಆರೋಪ ಮಾಡಿದರು. ಇಂಗ್ಲೆಂಡಿನ ಮಂಡಳಿ ತನ್ನ ಆಟಗಾರರ ವಿವರಣೆಯನ್ನು ಒಪ್ಪಿಕೊಂಡಿತು, ಯಾರ ಮೇಲೂ ಕ್ರಮ ಆಗಲಿಲ್ಲ. ನಾರ್ತಾಂಪ್ಟನ್‌ಶೈರ್ ಕೌಂಟಿಯ ಜೊತೆ ಬೇಡಿಗಿದ್ದ ನಂಟು ಅದೇ ವರ್ಷ ಮುಗಿಯಿತು. ಲಿವರ್ ಬೇಕೆಂದೇ ಮಾಡಿದನೋ, ಬೆವರಿಗೇ ಕಟ್ಟಿಕೊಂಡಿದ್ದನೋ, ಇವತ್ತಿಗೂ ವಾದ ನಡೆಯುತ್ತೆ. ಭಾರತ ಎರಡನೇ ಇನಿಂಗ್ಸ್‌ನಲ್ಲಿ ಬರೀ 83ಕ್ಕೆ ಆಲೌಟ್, 200 ರನ್ನಿನಿಂದ ಸೋತಿತು. ಅಂದರೆ ಅಂಪೈರ್ ವರದಿಯಿಂದ ಪಂದ್ಯವೇನೂ ನಮ್ಮ ಕಡೆ ತಿರುಗಲಿಲ್ಲ.

ಆ ಸನ್ನಿವೇಶ ಸ್ವಲ್ಪ ಯೋಚಿಸಿ. ಆಗ ತಟಸ್ಥ ದೇಶದ ಅಂಪೈರ್‌ಗಳಿರಲಿಲ್ಲ, ಆತಿಥೇಯ ದೇಶದವರೇ ನಿಲ್ಲುತ್ತಿದ್ದರು. ಪ್ರವಾಸಿ ತಂಡದ ಮೇಲೆ ದೂರು ಕೊಟ್ಟರೆ ಸೋಲುತ್ತಿರುವ ಊರವರ ಪರ ಮಾಡಿದ ಅನ್ನುವ ಮಾತು ಗ್ಯಾರಂಟಿ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾಲವಾದರೂ ಯಾವುದು? ತುರ್ತುಪರಿಸ್ಥಿತಿ. ಇದೇ ಟೆಸ್ಟ್ ನಡೆಯುತ್ತಿದ್ದಾಗಲೇ, ಜನವರಿ 18ರಂದು, ಇಂದಿರಾ ಗಾಂಧಿ ಚುನಾವಣೆ ಘೋಷಿಸಿದ್ದು. ಕಂಡದ್ದನ್ನು ಕಾಣದ ಹಾಗೆ ಇರುವುದನ್ನು ದೇಶವೆಲ್ಲ ಅಭ್ಯಾಸ ಮಾಡಿಕೊಂಡಿದ್ದ ಹೊತ್ತಿನಲ್ಲಿ ಒಬ್ಬ ಅಂಪೈರ್ ಕಂಡದ್ದನ್ನು ಹೇಳಿದರು. ಅವರ ಕೆಲಸವೇ ಅದಾಗಿತ್ತು.

ಮುಂದಿನ ಟೆಸ್ಟ್ ನಮ್ಮ ಬೆಂಗಳೂರಿನಲ್ಲಿ. ಅದು ನಿಮ್ಮ ಅಪ್ಪಂದಿರಿಗೆ ಚೆನ್ನಾಗಿ ನೆನಪಿರುತ್ತೆ. ಚಂದ್ರ ಮೊದಲ ಇನಿಂಗ್ಸ್‌ನಲ್ಲಿ 76ಕ್ಕೆ 6 ವಿಕೆಟ್, ವಿಶಿ ಔಟಾಗದೆ 79, ಮೊದಲ ಟೆಸ್ಟ್ ಆಡಿದ ಯಜುವೇಂದ್ರ ಸಿಂಗ್ ಪಂದ್ಯದಲ್ಲಿ 7 ಕ್ಯಾಚ್. ಭಾರತಕ್ಕೆ 140 ರನ್ ಗೆಲುವು. ಗೆಲುವಿನ ಪ್ರತಿ ವಿವರ ನಮಗೆ ನೆನಪಿದೆ. ರೂಬೆನ್ ಹೆಸರು ನೆನಪಿಲ್ಲ. ಅವರು 2006ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಹಡಗು ಹತ್ತಿದ ಕ್ರಿಕೆಟ್

ರೂಬೆನ್ ಇಲ್ಲೇ ಉಳಿದವರು. ಅವರ ಸಮುದಾಯದ ಹೆಚ್ಚಿನವರು ಉಳಿಯಲಿಲ್ಲ. 1948ರಲ್ಲಿ ಇಸ್ರೇಲ್ ಹುಟ್ಟಿತು, ಹೋಗುವುದು ಶುರುವಾಯಿತು. 1951ರ ಜನಗಣತಿಯಲ್ಲಿ ದೇಶದ ಯಹೂದಿಗಳು ಸುಮಾರು 26 ಸಾವಿರ. 2011ರಲ್ಲಿ 5 ಸಾವಿರಕ್ಕಿಂತ ಕಡಿಮೆ. ಯಾರೂ ಓಡಿಸಿದ್ದಲ್ಲ. ಭಾರತದಲ್ಲಿ ನೆರೆಹೊರೆಯವರು ನಮಗೆ ತೊಂದರೆ ಕೊಡಲಿಲ್ಲ ಅಂತ ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ವಿಚಿತ್ರ ಏನು ಗೊತ್ತಾ, ಪ್ರಶ್ನೆ ಎದುರಾದದ್ದು ಅಲ್ಲಿ ಹೋದ ಮೇಲೆ. ನೀವು ಅಸಲಿ ಯಹೂದಿಗಳು ಹೌದಾ, ನಿಮ್ಮವರನ್ನು ಮದುವೆಯಾಗಬಹುದಾ ಅಂತ ಅಲ್ಲಿನ ಧರ್ಮಗುರುಗಳು ಅನುಮಾನ ಎತ್ತಿದರು. ಬೆನೆ ಇಸ್ರೇಲ್ ಜನ ಪ್ರತಿಭಟನೆಗೆ ಕೂತರು. 1964ರಲ್ಲಿ ಇವರು ಎಲ್ಲ ರೀತಿಯಲ್ಲೂ ಪೂರ್ಣ ಯಹೂದಿಗಳೇ ಅಂತ ಒಪ್ಪಿಕೊಳ್ಳಬೇಕಾಯಿತು. ಇಲ್ಲಿ ಇತರರು, ಅಲ್ಲೂ ಇತರರು. ಊರು ಬಿಟ್ಟವರಿಗೆ ಈ ನೋವು ಅರ್ಥವಾಗುತ್ತೆ. ಇಲ್ಲಿ ನಮ್ಮನ್ನು ಮದ್ರಾಸಿ ಅಂತಾರೆ, ಊರಿಗೆ ಹೋದರೆ ಬೊಂಬಾಯಿಯವರು ಬಂದರು ಅಂತಾರೆ.

ಲೋದ್, ಅಶ್ದೋದ್, ಬೀರ್‌ಶೇವಾ, ದಿಮೋನಾ, ಅವರು ನೆಲೆಸಿದ ಈ ಊರುಗಳಲ್ಲಿ ಕ್ರಿಕೆಟ್ ಅಂದರೆ ಏನೆಂದೇ ಗೊತ್ತಿಲ್ಲದ ಜನರ ನಡುವೆ ಕ್ರಿಕೆಟ್ ಶುರು ಮಾಡಿದರು. 1968ರಲ್ಲಿ ಇಸ್ರೇಲ್ ಕ್ರಿಕೆಟ್ ಸಂಸ್ಥೆ ಆಯಿತು, 1974ರಲ್ಲಿ ಐಸಿಸಿ ಸದಸ್ಯತ್ವ ಬಂತು. 1979ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಮೊದಲ ಐಸಿಸಿ ಟ್ರೋಫಿಗೆ ಇಸ್ರೇಲ್ ತಂಡ ಹೋಯಿತು. ಅಲ್ಲಿ ಶ್ರೀಲಂಕಾ ರಾಜಕೀಯ ಕಾರಣಕ್ಕೆ ಅವರೆದುರು ಆಡಲು ಒಪ್ಪದೆ ಪಂದ್ಯ ಬಿಟ್ಟುಕೊಟ್ಟಿತು. ಆದರೂ ಆ ಟ್ರೋಫಿ ಗೆದ್ದದ್ದು ಶ್ರೀಲಂಕಾವೇ. ಕೊಂಕಣದಿಂದ ಹೋದವರು ಕಟ್ಟಿದ ಆ ಕ್ರಿಕೆಟ್ ಯಾವ ದೊಡ್ಡ ಕಪ್ಪನ್ನೂ ಗೆಲ್ಲಲಿಲ್ಲ. ಮರಳುಗಾಡಿನ ಅಂಚಿನ ಊರಿನಲ್ಲಿ ಶಾಲೆಯ ಮೈದಾನ ಕೇಳಿ, ಸ್ಟಂಪ್ ನೆಟ್ಟು, ಮಕ್ಕಳಿಗೆ ಫಾರ್ವರ್ಡ್ ಡಿಫೆನ್ಸ್ ಹೇಳಿಕೊಟ್ಟವರ ಕ್ರಿಕೆಟ್ ಅದು. ನನ್ನ ಸಹೋದ್ಯೋಗಿಯ ಅಜ್ಜ ಅಂಥವರಲ್ಲಿ ಒಬ್ಬರು. ಬರೀ ಆಡಿದವರು.

ಒಂದು ಸೀಟಿ

ಈಗ ನನ್ನ ಮನೆಯ ಮಾತು. ನನ್ನ ಸೋದರಮಾವ ಕುಂದಾಪುರದ ಕಡೆಯಿಂದ 1970ರ ದಶಕದಲ್ಲಿ ಡೊಂಬಿವಲಿಗೆ ಬಂದವರು. ಹೋಟೆಲಿನಲ್ಲಿ ಟೇಬಲ್ ಒರೆಸುತ್ತ ರಾತ್ರಿಶಾಲೆಯಲ್ಲಿ ಓದಿದರು, ಆಮೇಲೆ ಕ್ಯಾಶ್ ಕೌಂಟರಿಗೆ ಬಂದರು. ರಜೆಯ ದಿನ ಹೋಟೆಲ್ ಹುಡುಗರ ಕ್ರಿಕೆಟ್ಟು, ವಾಲಿಬಾಲು ಇರುತ್ತಿತ್ತು. ಮಾವ ಅಷ್ಟೇನೂ ಚೆನ್ನಾಗಿ ಆಡುತ್ತಿರಲಿಲ್ಲ. ಅದಕ್ಕೇ ಅವರ ಕೈಗೆ ಸೀಟಿ ಕೊಟ್ಟರು. ಇಪ್ಪತ್ತು ವರ್ಷ ಅಂಪೈರು, ರೆಫ್ರಿ ಎಲ್ಲ ಅವರೇ. ಮಂಗಳೂರು ಕಡೆಯವರು, ಉತ್ತರ ಕರ್ನಾಟಕದವರು, ಮರಾಠಿ ಹುಡುಗರು, ಯಾರ ತಂಡವಾದರೂ ಅವರನ್ನೇ ಕರೆಯುತ್ತಿದ್ದರು.

ಜೂಡಾ ರೂಬೆನ್ ಕಥೆ ಓದಿದ ವಾರ ಮಾವನ ಮನೆಗೆ ಹೋದೆ. "ಮಾವ, ನಿಮ್ಮ ಆ ಮ್ಯಾಚುಗಳ ಫೋಟೋ ಏನಾದರೂ ಇದೆಯಾ?" ಅಂತ ಕೇಳಿದೆ. ಅವರು ನಕ್ಕರು. "ಗೆದ್ದವ್ರ್ ಫೋಟೋ ತೆಗ್ಸ್ಕಂತಿದ್ರ್. ಅಂಪೈರ್ ಹೆಸ್ರ್ ಯಾರ್ ಬರ್ಕಂತ್ರ್ ಮಾಣಿ?" ಅಂದರು. ಅತ್ತೆ ಒಳಗಿನಿಂದ ಒಂದು ತಗಡಿನ ಡಬ್ಬಿ ತಂದರು. ಅದರಲ್ಲಿ ಸೀಟಿ ಇತ್ತು, ಕರಿ ದಾರ ಹಾಗೇ ಇತ್ತು. ಒಂದೇ ಒಂದು ಫೋಟೋ ಸಿಕ್ಕಿತು. ಕಪ್ ಹಿಡಿದ ಹನ್ನೊಂದು ಹುಡುಗರು, ಅಂಚಿನಲ್ಲಿ ಅರ್ಧ ಕತ್ತರಿಸಿದ ಹಾಗೆ ಮಾವನ ಭುಜ.

ಆ ಹನ್ನೊಂದು ಜನರಲ್ಲಿ ಮಾವನಿಗೆ ಎಂಟು ಹೆಸರು ನೆನಪಾಯಿತು. ಮೂರು ಆಗಲಿಲ್ಲ. ಫೋಟೋದ ಹಿಂದೆ ನಾನು ಪೆನ್ಸಿಲ್ಲಿನಲ್ಲಿ ಎಂಟು ಹೆಸರು, ಊರು ಬರೆದೆ. ಕೊನೆಯಲ್ಲಿ "ಅಂಪೈರ್" ಅಂತ ಬರೆದು ಮಾವನ ಹೆಸರು ಹಾಕಿದೆ. ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಏನೂ ಮಾತಾಡಲಿಲ್ಲ.

ಯುರೋಪಿನ ಯಹೂದಿಗಳ ಹೆಸರುಗಳನ್ನು ಯಾರೋ ಅಳಿಸಲು ನೋಡಿದರು. ಅದಕ್ಕೇ ಅವರ ಮಕ್ಕಳು ಹಟ ಹಿಡಿದು ಮ್ಯೂಸಿಯಂ ಕಟ್ಟಿದರು. ಠಾಣೆಯ ಯಹೂದಿಗಳ ಹೆಸರನ್ನು ಯಾರೂ ಅಳಿಸಲು ಬರಲಿಲ್ಲ. ಆದರೂ ಅವು ಮಾಸುತ್ತಿವೆ, ನಿಧಾನವಾಗಿ, ಪ್ರೀತಿಯ ನಡುವೆಯೇ. ನಮ್ಮವರದ್ದೂ ಹಾಗೇ. ಐರೋಲಿ, ಘನ್ಸೋಲಿಯ ಆಫೀಸುಗಳಿಗೆ ಬಂದ ನಾವು ಎರಡನೇ ಅಥವಾ ಮೂರನೇ ಅಲೆಯ ಕನ್ನಡಿಗರು. ನಮಗಿಂತ ಮುಂಚೆ ಬಂದವರು ಇಲ್ಲಿ ಸಂಘ ಕಟ್ಟಿದರು, ಶಾಲೆ ನಡೆಸಿದರು, ಆಟ ಆಡಿಸಿದರು. ಇನ್ನು ಹತ್ತು ವರ್ಷಕ್ಕೆ ನಮ್ಮಲ್ಲಿ ಅರ್ಧ ಜನ ಟೊರೊಂಟೋದಲ್ಲೋ ಆಸ್ಟಿನ್‌ನಲ್ಲೋ ಇರುತ್ತೇವೆ. ಆಮೇಲೆ ಡೊಂಬಿವಲಿಯ ಆ ಸೀಟಿ ಯಾರದ್ದು ಅಂತ ಹೇಳುವವರು ಯಾರು?

ಗೋಡೆ ಕಟ್ಟಿಸೋಕೆ ದುಡ್ಡು ಬೇಕು, ಜಾಗ ಬೇಕು. ಫೋಟೋದ ಹಿಂದೆ ಹೆಸರು ಬರೆಯೋಕೆ ಪೆನ್ಸಿಲ್ ಸಾಕು. ಮುಂದಿನ ಭಾನುವಾರ ಕಲ್ಯಾಣದಲ್ಲೋ ವಾಶಿಯಲ್ಲೋ ಇರುವ ನಿಮ್ಮ ದೊಡ್ಡಪ್ಪನ, ಅತ್ತೆಯ ಮನೆಗೆ ಹೋದಾಗ ಕೇಳಿ. ಯಾರು ಆಡುತ್ತಿದ್ದರು, ಎಲ್ಲಿ ಆಡುತ್ತಿದ್ದರು, ಅಂಪೈರ್ ಯಾರು. ಗೆದ್ದವರ ಹೆಸರನ್ನು ಯಾರಾದರೂ ಬರೆದಿಟ್ಟಿರುತ್ತಾರೆ, ಬರೀ ಆಡಿದವರದ್ದನ್ನು ನೀವು ಬರೆಯಿರಿ.

ನನ್ನ ಸಹೋದ್ಯೋಗಿಗೆ ಟೆಂಭಿ ನಾಕಾದ ಗೇಟಿನ ಫೋಟೋ ಕಳಿಸಿದೆ. ನಕ್ಷತ್ರ ಸರಿಯಾಗಿ ಕಾಣುವ ಹಾಗೆ ರಸ್ತೆಯ ಆಚೆ ನಿಂತು ತೆಗೆದದ್ದು. ಮರುದಿನ ಅವರು ತಿರುಗಿ ಒಂದು ಹಳೆಯ ಕಪ್ಪುಬಿಳುಪು ಫೋಟೋ ಕಳಿಸಿದರು. ಬಿಳಿ ಪ್ಯಾಂಟು, ಪ್ಯಾಡು, ಹಿಂದೆ ಒಣಗಿದ ನೆಲ. ಕೆಳಗೆ ಅಜ್ಜನ ಹೆಸರು ಟೈಪ್ ಮಾಡಿದ್ದರು. ಪಕ್ಕದಲ್ಲಿ ಊರು: ಠಾಣೆ.